ಅಳೆಯದೆ ಕಟ್ಟಿದ ಸ್ಪೀಕರ್

ಮನೆಯಲ್ಲೇ ಹೈ-ಫೈ ಸ್ಪೀಕರ್ ಕಟ್ಟಿಕೊಳ್ಳುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಒಳ್ಳೆಯ ಸ್ಪೀಕರ್ ಎಂದರೆ ಒಳ್ಳೆಯ ಡ್ರೈವರ್, ಮಿಕ್ಕದ್ದನ್ನು ಕಿವಿ ನೋಡಿಕೊಳ್ಳುತ್ತದೆ. ಡೆನ್ಮಾರ್ಕಿನದೋ ನಾರ್ವೆಯದೋ ವೂಫರ್ ತರಿಸಬೇಕು, ಬಡಗಿಯ ಹತ್ತಿರ ಅಂದಾಜಿನ ಮೇಲೆ ಒಂದು ಡಬ್ಬ ಮಾಡಿಸಬೇಕು, ಎಸ್.ಪಿ. ರೋಡಿನಿಂದ ರೆಡಿಮೇಡ್ ಕ್ರಾಸ್‌ಓವರ್ ತಂದು ಒಳಗೆ ಕೂರಿಸಬೇಕು, ಆಮೇಲೆ ಮೆಚ್ಚಿನ ಹಾಡು ಹಾಕಿಕೊಂಡು ಕೆಪಾಸಿಟರ್, ವೈರು ಬದಲಿಸುತ್ತ ಹೋದರೆ ನಾದ ತಾನಾಗಿ ಹದಕ್ಕೆ ಬರುತ್ತದೆ ಎಂಬುದು ಅದರ ಸಾರ. ಈ ನಂಬಿಕೆ ಬುಡದಿಂದಲೇ ತಪ್ಪು. ಎಷ್ಟೋ ಆಸಕ್ತರ ದುಡ್ಡನ್ನೂ ವರ್ಷಗಳನ್ನೂ ಅದು ನುಂಗಿದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳಲ್ಲಿ ಅದು ಉಳಿದಿರುವುದಂತೂ ನಿಜಕ್ಕೂ ಬೇಸರದ ಸಂಗತಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ ಐಟಿಐ, ಅದರ ಮುಂದಿನ ದಶಕದಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ: ಈ ಸೀಮೆಯ ಒಂದೆರಡು ತಲೆಮಾರು ಊಟ ಮಾಡಿದ್ದೇ ಅಳತೆಯ ಕೆಲಸದಿಂದ. ಟೆಲಿಫೋನ್ ರಿಸೀವರಿನ ಪುಟ್ಟ ಪೊರೆಯಿಂದ ಹಿಡಿದು ಟ್ರಾನ್ಸ್‌ಫಾರ್ಮರಿನವರೆಗೆ ಯಾವುದನ್ನೂ ಪರೀಕ್ಷೆಯ ಮೇಜು ದಾಟದೆ ಹೊರಗೆ ಕಳಿಸದ ಊರಿನ ಮಗ್ಗುಲಲ್ಲೇ, ಸ್ಪೀಕರಿನ ವಿಷಯಕ್ಕೆ ಬಂದಾಗ ಮಾತ್ರ ಅಳತೆ ಬೇಡವೆಂಬ ಮಾತು ಚಲಾವಣೆಯಲ್ಲಿದೆ.

ನಂಬಿಕೆಗೊಂದು ಚರಿತ್ರೆ ಇದೆ. ಆಮದಿಗೆ ಬಿಗಿ ನಿರ್ಬಂಧವಿದ್ದ ಕಾಲದಲ್ಲಿ ಒಳ್ಳೆಯ ವೂಫರ್ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಗಲ್ಫ್‌ನಿಂದ ಬಂದವರು ಹೊತ್ತು ತಂದ ಸೆಟ್ಟು, ಇಲ್ಲವೇ ಗುಜರಿಯಲ್ಲಿ ಕಳಚಿ ಮಾರುತ್ತಿದ್ದ ಹಳೆಯ ಫಾರಿನ್ ಸ್ಪೀಕರ್, ಇಷ್ಟೇ ಗತಿ. ಆಗ ಸಾಮಾನು ಸಿಕ್ಕಿದ್ದೇ ಅರ್ಧ ಗೆಲುವು. 1990ರ ದಶಕದಲ್ಲಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಪಿಎಂಪಿಒ ವ್ಯಾಟ್‌ಗಳು ಬಂದವು. ಆ ಅಂಕಿಗೆ ಯಾವ ಮಾನ್ಯ ಅಳತೆಯ ಆಧಾರವೂ ಇರಲಿಲ್ಲ. ಅಂಕಿಗಳೆಂದರೆ ಮಾರುವವರ ಬೊಗಳೆ ಎಂಬ ಭಾವನೆ ಕೇಳುಗರಲ್ಲಿ ಬಲಿತದ್ದು ಸಹಜವೇ. ಆದರೆ ಸುಳ್ಳು ಅಂಕಿಯಿಂದ ಮೋಸ ಹೋದವರು ನಿಜವಾದ ಅಂಕಿಯನ್ನು ಹುಡುಕಬೇಕಿತ್ತು. ಅಂಕಿಯನ್ನೇ ಬಿಟ್ಟುಕೊಟ್ಟು ಬೆಲೆಯನ್ನೂ ಬರಿಗಿವಿಯನ್ನೂ ನಂಬಿದರು.

ಮೊದಲು ಡ್ರೈವರ್. ಕೋನ್, ಕಾಯಿಲ್, ಮ್ಯಾಗ್ನೆಟ್ ಸೇರಿದ ಈ ಘಟಕದ ಮೂಲ ವಿನ್ಯಾಸ 1925ರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ಪ್ರಕಟಿಸಿದ ವಿನ್ಯಾಸವೇ ಇಂದಿಗೂ ಬಹುತೇಕ ಸ್ಪೀಕರುಗಳ ಒಳಗಿದೆ. ಅಂದಿನಿಂದ ಸಾಮಗ್ರಿ ಸುಧಾರಿಸಿದೆ, ತತ್ವ ಬದಲಾಗಿಲ್ಲ. ಕಳಪೆ ಡ್ರೈವರಿನಿಂದ ಒಳ್ಳೆಯ ಸ್ಪೀಕರ್ ಆಗದು ಎಂಬುದು ನಿಜ. ಅಂಚಿಗೆ ಫೋಮ್ ಹಾಕಿದ ಕೋನುಗಳು ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗಿ ಉದುರುವುದೂ ನಿಜ; ಗುಜರಿಯಲ್ಲಿ ಕೊಳ್ಳುವವರು ಮೊದಲು ಒತ್ತಿ ನೋಡಬೇಕಾದದ್ದೇ ಆ ಅಂಚನ್ನು. ಆದರೆ ಒಂದು ಮಟ್ಟ ದಾಟಿದ ಮೇಲೆ ಡ್ರೈವರಿಗೆ ಸುರಿಯುವ ಹಣಕ್ಕೂ ಮನೆಯಲ್ಲಿ ಕೇಳಿಸುವ ನಾದಕ್ಕೂ ನಂಟು ತೆಳುವಾಗುತ್ತದೆ. ಏಕೆಂದರೆ ಡ್ರೈವರ್ ಒಂಟಿಯಾಗಿ ಹಾಡುವುದಿಲ್ಲ. ಅದರ ಬೆನ್ನಿಗಿರುವ ಗಾಳಿ, ಸುತ್ತಲಿನ ಹಲಗೆ, ಮುಂದಿನ ಕೋಣೆ ಮೂರೂ ಅದರ ಜೊತೆಗೆ ಹಾಡುತ್ತವೆ.

ಆ ಗಾಳಿಯ ಲೆಕ್ಕ ಯಾರ ಊಹೆಗೂ ಬಿಟ್ಟದ್ದಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಅದನ್ನು ಬರೆದಿಟ್ಟರು; 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದರು. ಡ್ರೈವರ್ ಬಯಲಿನಲ್ಲಿ ತಾನಾಗಿ ಅನುರಣಿಸುವ ಆವರ್ತನ, ಆ ಅನುರಣನ ಎಷ್ಟು ಬೇಗ ತಣಿಯುತ್ತದೆ ಎಂಬ ಕ್ಯೂ ಬೆಲೆ, ಅದರ ಅಂಚು ಮತ್ತು ಕಾಯಿಲನ್ನು ನಡುವೆ ಹಿಡಿದಿಡುವ ಸ್ಪೈಡರಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ: ಈ ಮೂರು ಗೊತ್ತಿದ್ದರೆ ಮುಚ್ಚಿದ ಡಬ್ಬದಲ್ಲಿ ಬೇಸ್ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿ ಉಬ್ಬುತ್ತದೆ ಎಂಬುದನ್ನು ಕಾಗದದ ಮೇಲೆಯೇ ಹೇಳಬಹುದು. ಒಂದು ಆರೂವರೆ ಇಂಚಿನ ವೂಫರಿನ ಅನುರಣನ 40 ಹರ್ಟ್ಸ್, ಕ್ಯೂ 0.4, ಗಾಳಿಯ ಗಾತ್ರ 30 ಲೀಟರ್ ಎಂದಿಟ್ಟುಕೊಂಡರೆ, 15 ಲೀಟರಿನ ಮುಚ್ಚಿದ ಡಬ್ಬದಲ್ಲಿ ಅದರ ಅನುರಣನ 69 ಹರ್ಟ್ಸ್‌ಗೆ ಏರುತ್ತದೆ, ಕ್ಯೂ ಸುಮಾರು 0.7 ಆಗುತ್ತದೆ. ಇದು ಉಬ್ಬಿಲ್ಲದೆ ನಯವಾಗಿ ಇಳಿಯುವ ಬೇಸ್. ಅದೇ ವೂಫರನ್ನು ಶೆಲ್ಫಿನಲ್ಲಿ ಅಂದವಾಗಿ ಕೂರಲೆಂದು 5 ಲೀಟರಿನ ಡಬ್ಬಕ್ಕೆ ತುರುಕಿದರೆ ಅನುರಣನ 106 ಹರ್ಟ್ಸ್, ಕ್ಯೂ 1.06. ಸುಮಾರು 140 ಹರ್ಟ್ಸ್‌ನ ಆಸುಪಾಸಿನಲ್ಲಿ ಒಂದೂವರೆ ಡೆಸಿಬೆಲ್ ಉಬ್ಬು, ಅದರ ಕೆಳಗೆ ಪ್ರಪಾತ. ವೂಫರಿನ ಬೆಲೆ ಎರಡು ಸಾವಿರವಿರಲಿ ಇಪ್ಪತ್ತು ಸಾವಿರವಿರಲಿ, ಈ ಲೆಕ್ಕ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಇಂಥ ಡಬ್ಬವನ್ನು ಕಿವಿಯಿಂದ ಹದ ಮಾಡುತ್ತೇನೆಂದು ಹೊರಟವರು ಕೊನೆಗೆ ಡಬ್ಬವನ್ನು ಬಿಟ್ಟು ವೂಫರನ್ನು ಬದಲಿಸುತ್ತಾರೆ, ಅದೂ ಇನ್ನಷ್ಟು ದುಬಾರಿಯದಕ್ಕೆ.

ಕಂಪನಿಯ ಕಾಗದದಲ್ಲಿ ಈ ಅಂಕಿಗಳು ಇರುತ್ತವೆ. ಗುಜರಿಯ ಮಾಲಿಗೆ ಯಾವ ಕಾಗದವೂ ಇರುವುದಿಲ್ಲ. ಎರಡನ್ನೂ ಮನೆಯಲ್ಲೇ ಅಳೆಯಬಹುದು, ಖರ್ಚು ಹೆಚ್ಚಿಲ್ಲ. ಆಂಪ್ಲಿಫೈಯರಿನಿಂದ ಹೊರಟ ತಂತಿಗೆ 1000 ಓಮ್‌ನ ಒಂದು ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ ಡ್ರೈವರಿಗೆ ಕೊಡಬೇಕು. ಡ್ರೈವರನ್ನು ಕೈಯಲ್ಲಿ ಹಿಡಿಯದೆ ಬಿಗಿಯಾಗಿ ನಿಲ್ಲಿಸಿ, ಅದರ ಎರಡು ತುದಿಗೆ ಮಲ್ಟಿಮೀಟರ್ ಇಟ್ಟು, ಮೊಬೈಲಿನ ಟೋನ್ ಜನರೇಟರಿನಿಂದ 20 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತ ಬಂದರೆ ಮಿಲಿವೋಲ್ಟಿನ ಅಂಕಿ ಒಂದು ಕಡೆ ತಟ್ಟನೆ ಮೇಲಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಆ ತುದಿಯೇ ಡ್ರೈವರಿನ ಅನುರಣನ. ತುದಿ ಎಷ್ಟು ಎತ್ತರ, ಎಷ್ಟು ಅಗಲ ಎಂಬುದರಿಂದ ಕ್ಯೂ ಸಿಗುತ್ತದೆ. ಆಮೇಲೆ ಕೋನಿನ ನಡುವಿನ ಮುಚ್ಚಳದ ಸುತ್ತ ಮಕ್ಕಳು ಆಡುವ ಕ್ಲೇಯನ್ನು 10 ಗ್ರಾಂ ತೂಗಿ ಅಂಟಿಸಿ, ಮತ್ತೊಮ್ಮೆ ಅಳೆದರೆ ಅನುರಣನ ಎಷ್ಟು ಕೆಳಗಿಳಿಯಿತು ಎಂಬುದರಿಂದ ಗಾಳಿಯ ಗಾತ್ರ ಲೆಕ್ಕಕ್ಕೆ ಬರುತ್ತದೆ. ತೂಕ ಮಾತ್ರ ನಿಖರವಾಗಿರಬೇಕು. ಅಗ್ಗದ ಮಲ್ಟಿಮೀಟರ್ ಕೆಲವು ನೂರು ಹರ್ಟ್ಸ್ ದಾಟಿದರೆ ತಪ್ಪು ತೋರಿಸಬಹುದು, ಆದರೆ ವೂಫರಿನ ಅನುರಣನ ಅದರ ಹಿಡಿತದೊಳಗೇ ಇರುತ್ತದೆ. ಒಂದು ಸಂಜೆಯ ಕೆಲಸ ಇದು. ಇದನ್ನು ಮಾಡದೆ ಡಬ್ಬ ಕೊಯ್ಯಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಿವಿಯ ಪಕ್ಷದವರು ಇಲ್ಲಿ ಹಳೆಯ ಸ್ಪೀಕರ್ ರಿಪೇರಿಯವರನ್ನು ಸಾಕ್ಷಿಗೆ ಕರೆಯುತ್ತಾರೆ: ಅವರೆಲ್ಲ ಯಾವ ಲೆಕ್ಕ ಕಲಿತಿದ್ದರು, ಕೇಳಿಯೇ ಸರಿಮಾಡುತ್ತಿರಲಿಲ್ಲವೇ ಎಂದು. ಆ ಕೆಲಸವನ್ನು ಹತ್ತಿರ ನಿಂತು ನೋಡದವರಷ್ಟೇ ಹೀಗೆ ಹೇಳಬಲ್ಲರು. ಹರಿದ ಕೋನ್ ತೆಗೆದು ಹೊಸದು ಕಟ್ಟುವಾಗ ಕಾಯಿಲು ಮ್ಯಾಗ್ನೆಟ್ಟಿನ ಸಂದಿನಲ್ಲಿ ಎಲ್ಲೂ ತಾಗದೆ ನಡುವೆ ನಿಲ್ಲಬೇಕು. ಅದಕ್ಕೆ ಹಳೆಯ ಫೋಟೋ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಕಾಯಿಲಿಗೂ ಒಳಗಿನ ಕಂಬಕ್ಕೂ ನಡುವೆ ಸುತ್ತಲೂ ಸಿಕ್ಕಿಸಿ, ಅಂಟು ಒಣಗುವ ತನಕ ಬಿಟ್ಟು, ಆಮೇಲೆ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ಕೋನ್ ಮುಂದಕ್ಕೆ ಬಂತೇ ಹಿಂದಕ್ಕೆ ಹೋಯಿತೇ ನೋಡಿ ಪ್ಲಸ್ ತುದಿಗೆ ಗುರುತು ಹಾಕುತ್ತಾರೆ. ಫಿಲ್ಮಿನ ದಪ್ಪ ಒಂದು ಅಳತೆ, ಸೆಲ್ಲಿನ ಪರೀಕ್ಷೆ ಇನ್ನೊಂದು ಅಳತೆ. ಕಿವಿಯನ್ನು ಅವರು ಕರೆಯುವುದು ಕೊನೆಯಲ್ಲಿ, ಕಾಯಿಲು ಉಜ್ಜುವ ಸದ್ದು ಇದೆಯೇ ಎಂದು ತಿಳಿಯಲು. ಆ ಕುಶಲಿಗಳನ್ನು ಅಳತೆಯ ವೈರಿಗಳೆಂದು ಬಿಂಬಿಸುವುದು ಅವರ ವಿದ್ಯೆಗೆ ಮಾಡುವ ಅಪಚಾರ.

ಡಬ್ಬದ ಮರಗೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 18 ಮಿಲಿಮೀಟರಿನ ಎಂಡಿಎಫ್ ಅಥವಾ ಒಳ್ಳೆಯ ಪ್ಲೈವುಡ್ ಸಾಕು. ಮಾಡ್ಯುಲರ್ ಕಿಚನ್ ಮಾಡುವವರ ಹತ್ತಿರ ಹಲಗೆ ಕೊಯ್ಯಿಸಿದರೆ ಅಂಚು ನೇರವಾಗಿ ಬರುತ್ತದೆ. ಎದುರು ಬದುರು ಹಲಗೆಗಳ ನಡುವೆ ಒಳಗೊಂದು ಅಡ್ಡಪಟ್ಟಿ ಬೇಕು, ಮೂಲೆಗಳಲ್ಲಿ ಗಾಳಿ ಸೋರಬಾರದು, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಅರಳೆಯನ್ನು ಸಡಿಲವಾಗಿ ಹರಡಬೇಕು. ತೇಗ, ಬೀಟೆ ಹಾಕಿದರೆ ನಾದ ಬೆಚ್ಚಗಾಗುತ್ತದೆ ಎಂಬ ಮಾತು ವೀಣೆಯ ಕೊಡದಿಂದ ಎರವಲು ತಂದದ್ದು. ವೀಣೆಯ ಮರ ನಾದ ಹುಟ್ಟಿಸಬೇಕು. ಸ್ಪೀಕರಿನ ಮರ ಬಾಯಿ ಮುಚ್ಚಿಕೊಂಡಿರಬೇಕು.

ಬರಿಗಿವಿಯ ನಂಬಿಕೆ ಅತಿ ಹೆಚ್ಚು ಹಾನಿ ಮಾಡುವುದು ಕ್ರಾಸ್‌ಓವರಿನಲ್ಲಿ. ಕೆಳಸ್ವರಗಳನ್ನು ವೂಫರಿಗೂ ಮೇಲ್ಸ್ವರಗಳನ್ನು ಟ್ವೀಟರಿಗೂ ಹಂಚುವ ಈ ಮಂಡಳವನ್ನು ಅಂಗಡಿಯಲ್ಲಿ ‘8 ಓಮ್, 3000 ಹರ್ಟ್ಸ್’ ಎಂದು ಬರೆದು ಮಾರುತ್ತಾರೆ. ಅತಿ ಸರಳ ರೂಪದಲ್ಲಿ ಅದರ ಲೆಕ್ಕ 6.6 ಮೈಕ್ರೋಫ್ಯಾರಡಿನ ಕೆಪಾಸಿಟರ್, 0.42 ಮಿಲಿಹೆನ್ರಿಯ ಕಾಯಿಲು. ಲೆಕ್ಕ ಸರಿಯಾಗಿಯೇ ಇದೆ, ಆದರೆ 8 ಓಮ್‌ನ ರೆಸಿಸ್ಟರಿಗೆ. ಯಾವ ವೂಫರೂ 3000 ಹರ್ಟ್ಸ್‌ನಲ್ಲಿ 8 ಓಮ್ ಆಗಿ ಉಳಿದಿರುವುದಿಲ್ಲ. ಒಳಗಿನ ಕಾಯಿಲಿನ ಗುಣದಿಂದ ಅದರ ತಡೆ ಏರುತ್ತಲೇ ಹೋಗುತ್ತದೆ. ಹಾಗಾಗಿ ರೆಡಿಮೇಡ್ ಕ್ರಾಸ್‌ಓವರ್ ವೂಫರನ್ನು ಹೇಳಿದಲ್ಲಿ ತಡೆಯುವುದಿಲ್ಲ, ಅದು ಟ್ವೀಟರಿನ ಜಾಗಕ್ಕೆ ನುಗ್ಗಿ ಒರಟಾಗಿ ಕೂಗುತ್ತದೆ. ಇದರ ಮೇಲೆ ಹಲಗೆಯ ಅಗಲದ ಪರಿಣಾಮ ಬೇರೆ: 20 ಸೆಂಟಿಮೀಟರ್ ಅಗಲದ ಡಬ್ಬದಲ್ಲಿ ಸುಮಾರು 575 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗೆ ನಾದ ಮುಂದಕ್ಕಷ್ಟೇ ಹೋಗದೆ ಹಿಂದಕ್ಕೂ ಸುತ್ತಿಕೊಳ್ಳುತ್ತದೆ, ಬಯಲಿನಲ್ಲಾದರೆ ಕ್ರಮೇಣ 6 ಡೆಸಿಬೆಲ್‌ವರೆಗೆ ಕುಗ್ಗುತ್ತದೆ. ಇದನ್ನು ಕ್ರಾಸ್‌ಓವರಿನಲ್ಲಿ ತುಂಬಿಕೊಡದಿದ್ದರೆ ಗಂಡಸರ ಧ್ವನಿ ಬಡಕಲಾಗುತ್ತದೆ. ಕೇಳಿದವರಿಗೆ ಏನೋ ಕೊರತೆ ಎಂದು ತಿಳಿಯುತ್ತದೆ, ಏನು ಎಂದು ತಿಳಿಯುವುದಿಲ್ಲ. ಆಗ ಕೆಪಾಸಿಟರಿನ ಬ್ರ್ಯಾಂಡ್ ಬದಲಿಸುವ ಯಾತ್ರೆ ಶುರು.

ಕೆಪಾಸಿಟರಿನ ಬ್ರ್ಯಾಂಡಿಗೆ ಆ ಕೊರತೆ ತುಂಬುವ ಶಕ್ತಿ ಇಲ್ಲ. ಹಳೆಯ ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್‌ಗಳು ವರ್ಷ ಕಳೆದಂತೆ ಬೆಲೆ ತಪ್ಪುತ್ತವೆ, ಅವನ್ನು ಬದಲಿಸಬೇಕು, ಸಂದೇಹವಿಲ್ಲ. ಅವುಗಳ ಬದಲಿಗೆ ಸಾಧಾರಣ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, ಬೆಲೆಯನ್ನು ಮೀಟರಿನಲ್ಲಿ ಖಚಿತ ಮಾಡಿಕೊಂಡರೆ ಆ ಅಧ್ಯಾಯ ಮುಗಿಯಿತು. ಡ್ರೈವರ್ ‘ಪಳಗಲು’ ನೂರಾರು ಗಂಟೆ ಬೇಕೆಂಬ ಮಾತೂ ಇದೇ ಜಾತಿಯದು. ಹೊಸ ಡ್ರೈವರಿನ ಅಂಚು ಮೊದಲ ಕೆಲವು ಗಂಟೆಗಳಲ್ಲಿ ಸಡಿಲಗೊಂಡು ಅನುರಣನ ತುಸು ಇಳಿಯುವುದು ಹೌದು. ಆದರೆ ಅದರ ಜೊತೆಯಲ್ಲೇ ಗಾಳಿಯ ಗಾತ್ರ ಏರುವುದರಿಂದ ಡಬ್ಬದೊಳಗಿನ ಫಲಿತಾಂಶ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಪಳಗುವುದು ಕೇಳುವವರ ಕಿವಿ.

ಕ್ರಾಸ್‌ಓವರಿಗೆ ದಾರಿ ಅಳತೆಯೊಂದೇ. ಕ್ಯಾಲಿಬ್ರೇಟ್ ಮಾಡಿದ ಒಂದು ಯುಎಸ್‌ಬಿ ಮೈಕು, ‘ರೂಮ್ ಇಕ್ಯೂ ವಿಝಾರ್ಡ್’ ಎಂಬ ಉಚಿತ ತಂತ್ರಾಂಶ, ಒಂದು ಲ್ಯಾಪ್‌ಟಾಪ್: ಇವಿಷ್ಟರ ಖರ್ಚು ಒಂದು ಜೊತೆ ದುಬಾರಿ ವೂಫರಿಗೆ ಹೋಲಿಸಿದರೆ ಎಷ್ಟೋ ಕಡಿಮೆ. ಕೋಣೆಯಲ್ಲಿ ಅಳೆದರೆ ಗೋಡೆಯ ಪ್ರತಿಫಲನ ಸೇರಿಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಐವತ್ತು ವರ್ಷದಿಂದ ಸಿದ್ಧವಿದೆ. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸ್ಪೀಕರನ್ನು ನೆಲಕ್ಕೂ ಸೂರಿಗೂ ನಡುವೆ ಎತ್ತಿಟ್ಟು, ಗೋಡೆಗಳಿಂದ ದೂರ ಸರಿಸಿ, ಒಂದು ಮೀಟರ್ ದೂರದಲ್ಲಿ ಮೈಕು ನಿಲ್ಲಿಸಿದರೆ ನೇರ ನಾದ ತಲುಪಿದ ಸುಮಾರು 6 ಮಿಲಿಸೆಕೆಂಡ್ ಬಳಿಕವಷ್ಟೇ ನೆಲದ ಪ್ರತಿಧ್ವನಿ ಬರುತ್ತದೆ. ಅಲ್ಲಿಗೇ ಕತ್ತರಿಸಿದರೆ 200 ಹರ್ಟ್ಸ್‌ನಿಂದ ಮೇಲೆ ಸ್ಪೀಕರಿನದೇ ಚಿತ್ರ ಸಿಗುತ್ತದೆ. ಅದರ ಕೆಳಗಿನದಕ್ಕೆ ಮೈಕನ್ನು ಕೋನಿಗೆ ಒಂದು ಸೆಂಟಿಮೀಟರಿನಷ್ಟು ಹತ್ತಿರ ಹಿಡಿಯಬೇಕು. ಡಾನ್ ಕೀಲ್ 1974ರಲ್ಲಿ ವಿವರಿಸಿದ ವಿಧಾನ ಇದು. ಇಂದಿರಾನಗರ, ಹಲಸೂರಿನ ಮನೆಗಳ ತಾರಸಿಯೂ ಒಳ್ಳೆಯ ಪ್ರಯೋಗಶಾಲೆಯೇ, ವಾಹನಗಳ ಸದ್ದು ಏಳುವ ಮುನ್ನ ಬೆಳಗ್ಗೆ ಬೇಗ ಹತ್ತಿದರೆ. ಎರಡು ಡ್ರೈವರುಗಳು ಸಂಧಿಸುವ ಕಡೆ ಜೊತೆಗೂಡಿ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಟ್ವೀಟರಿನ ತಂತಿಯನ್ನು ತಿರುಗಿಸಿ ಕೊಟ್ಟು ಇನ್ನೊಮ್ಮೆ ಅಳೆಯಬೇಕು. ಲಿಂಕ್ವಿಟ್ಝ್–ರೈಲಿ ಬಗೆಯ ನಾಲ್ಕನೇ ದರ್ಜೆಯ ಕ್ರಾಸ್‌ಓವರ್ ಸರಿ ಇದ್ದರೆ ಆ ಜಾಗದಲ್ಲಿ ಗೆರೆ ಆಳವಾದ ಗುಂಡಿಗೆ ಬೀಳುತ್ತದೆ. ಗುಂಡಿ ಆಳವಿಲ್ಲದಿದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ಕ್ರಾಸ್‌ಓವರ್ ಇನ್ನೂ ಮುಗಿದಿಲ್ಲ. ಇಷ್ಟು ಸ್ಪಷ್ಟವಾದ ತೀರ್ಪನ್ನು ಯಾವ ಕಿವಿಯೂ ಕೊಡಲಾರದು.

‘ಇದೆಲ್ಲ ಪಾಶ್ಚಾತ್ಯ ಸಂಗೀತಕ್ಕೆ, ನಮ್ಮ ಮೃದಂಗ, ತಂಬೂರಿ ಯಂತ್ರದ ಅಳತೆಗೆ ಸಿಗುವಂಥವಲ್ಲ’ ಎಂಬ ವಾದವೂ ಕೇಳಿಬರುತ್ತದೆ. ಈ ವಾದ ಹೂಡುವವರು ಇಂದಿರಾನಗರದ ಪಕ್ಕದಲ್ಲೇ ಇರುವ ಬಡಾವಣೆಯ ಹೆಸರನ್ನಾದರೂ ನೆನೆಯಬೇಕು. ಸಿ.ವಿ. ರಾಮನ್ 1920ರಲ್ಲೇ ಮೃದಂಗ, ತಬಲಾಗಳ ಸ್ವರಮೇಳದ ಗುಟ್ಟನ್ನು ಬರೆದರು, 1921ರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಯ ಬಾಗಿನ ಬಗ್ಗೆ ಬರೆದರು. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, ಮರುವರ್ಷ ಇಲ್ಲೇ ಹುಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಮೇಲಿನ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಚರ್ಮದ ಪೊರೆಯ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ಕರಣೆ ಅವನ್ನು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟರ ಸಾಲಿಗೆ ತರುತ್ತದೆ ಎಂಬುದನ್ನು ಪೊರೆಯ ಮೇಲೆ ಮರಳು ಉದುರಿಸಿ ಕಣ್ಣಿಗೇ ಕಾಣಿಸಿದರು. ನಮ್ಮ ವಾದ್ಯಗಳು ಅಳತೆಗೆ ಸಿಗುತ್ತವೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಸ್ಪೀಕರಿನ ಕೆಲಸ ಆ ಐದು ಸ್ವರಗಳ ಪ್ರಮಾಣವನ್ನು ಕೆಡಿಸದೆ ದಾಟಿಸುವುದು. ಮಧ್ಯದಲ್ಲಿ ಐದು ಡೆಸಿಬೆಲ್ ಗುಂಡಿ ಇರುವ ಸ್ಪೀಕರಿನಲ್ಲಿ ಒಂದು ಉಪಸ್ವರ ಸೊರಗುತ್ತದೆ, ಪಕ್ಕದ್ದು ಮೆರೆಯುತ್ತದೆ. ತಂಬೂರಿಯ ಕುದುರೆಯ ಮೇಲೆ ನೂಲು ಸರಿಸಿ ಎಬ್ಬಿಸಿದ ಝೇಂಕಾರವಂತೂ ಬಹುಪಾಲು ಮೇಲಿನ ಉಪಸ್ವರಗಳಲ್ಲೇ ಇದೆ, ಅಂದರೆ ಕ್ರಾಸ್‌ಓವರ್ ತಪ್ಪುವ ಜಾಗದಲ್ಲೇ. ಕರ್ನಾಟಕ ಸಂಗೀತಕ್ಕೆ ಅಳತೆ ಕಡಿಮೆ ಬೇಕು ಎನ್ನುವುದಿರಲಿ, ಹೆಚ್ಚು ಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು: ‘ಕಛೇರಿ ಕೇಳಿ ಪಳಗಿದ ಕಿವಿಯೇ ಪ್ರಮಾಣ’. ಇಂದು ಸಭೆಗಳಲ್ಲಿ ನಡೆಯುವ ಬಹುತೇಕ ಕಛೇರಿಗಳು ಜನರನ್ನು ತಲುಪುವುದು ಮೈಕು, ಮಿಕ್ಸರ್, ಸಭಾಂಗಣದ ಸ್ಪೀಕರುಗಳನ್ನು ದಾಟಿಯೇ. ಆ ಕಿವಿ ನೆನಪಿಟ್ಟುಕೊಂಡಿರುವುದು ಮೃದಂಗವನ್ನಲ್ಲ, ಮೃದಂಗವನ್ನು ನುಡಿಸಿದ ಇನ್ನೊಂದು ಸ್ಪೀಕರನ್ನು. ಬ್ರಿಟನ್ನಿನ ಬಿಬಿಸಿ ತನ್ನ ಸ್ಟುಡಿಯೋಗಳಿಗೆ ಸ್ಪೀಕರ್ ರೂಪಿಸುವಾಗ ಕಿವಿಯನ್ನು ಬಳಸಿತು, ಹೌದು. ಆದರೆ ಅದು ಸ್ಪೀಕರನ್ನು ಹೋಲಿಸಿದ್ದು ಪಕ್ಕದ ಸ್ಟುಡಿಯೋದಲ್ಲಿ ಆ ಕ್ಷಣ ಮಾತನಾಡುತ್ತಿದ್ದ, ನುಡಿಸುತ್ತಿದ್ದ ಜೀವಂತ ಧ್ವನಿಗೆ, ಅದೂ ಅಳತೆಯ ಜೊತೆಜೊತೆಗೆ. 1970ರ ದಶಕದ ಎಲ್‌ಎಸ್3/5ಎ ಎಂಬ ಅದರ ಪುಟ್ಟ ಸ್ಪೀಕರಿಗೆ ಇಂದಿಗೂ ಮನೆಗಳಲ್ಲಿ ಮರ್ಯಾದೆ ಉಳಿದಿದೆ. ಅದರೊಳಗಿದ್ದದ್ದು ಕೆಇಎಫ್ ಕಂಪನಿ ಮಾರುಕಟ್ಟೆಗೆ ಮಾಡುತ್ತಿದ್ದ ಡ್ರೈವರುಗಳೇ. ಬಿಬಿಸಿಯ ಶ್ರಮವೆಲ್ಲ ಹೋದದ್ದು ಕ್ರಾಸ್‌ಓವರಿಗೆ, ಡಬ್ಬದ ಕಂಪನ ತಣಿಸುವುದಕ್ಕೆ, ಒಂದೊಂದು ಜೊತೆಯೂ ಒಂದೇ ಅಳತೆಗೆ ಬರುವಂತೆ ನೋಡಿಕೊಳ್ಳುವುದಕ್ಕೆ.

ಇನ್ನು ಕೋಣೆ. ಕಂಟೋನ್ಮೆಂಟಿನ ಹಳೆಯ ಬಂಗಲೆಗಳ ಎತ್ತರದ ಸೂರು, ಮರದ ಬಾಗಿಲು ಕಿಟಕಿ, ಒಳಗೆ ತುಂಬಿದ ಸೋಫಾ ಪುಸ್ತಕಗಳು ನಾದಕ್ಕೆ ಒಂದಿಷ್ಟು ದಯೆ ತೋರಿಸುತ್ತಿದ್ದವು. ಇಂದಿನ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಸೂರು, ವಿಟ್ರಿಫೈಡ್ ಟೈಲ್ಸ್, ಗಾಜು ಯಾವ ದಯೆಯನ್ನೂ ತೋರಿಸುವುದಿಲ್ಲ. ಹತ್ತು ಅಡಿ ಅಗಲದ ಕೋಣೆಯಲ್ಲಿ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ನಾದ ನಿಂತುಬಿಡುತ್ತದೆ. ಸೂರಿನ ಎತ್ತರವೂ ಹತ್ತೇ ಅಡಿ ಇದ್ದರೆ ಅದೇ 56 ಹರ್ಟ್ಸ್ ನೆಲಕ್ಕೂ ಸೂರಿಗೂ ನಡುವೆ ಮತ್ತೊಮ್ಮೆ ನಿಲ್ಲುತ್ತದೆ. ಬೇಸ್ ಗಿಟಾರಿನ ‘ಎ’ ತಂತಿ 55 ಹರ್ಟ್ಸ್. ಈ ಕೋಣೆಯಲ್ಲಿ ಆ ಒಂದು ತಂತಿ ಮೀಟಿದಾಗಲೆಲ್ಲ ಮನೆ ಗುಂಯ್‌ಗುಡುತ್ತದೆ, ಪಕ್ಕದ ತಂತಿಗಳು ಸಾಧಾರಣವಾಗಿ ಕೇಳುತ್ತವೆ. ಕಿವಿಯನ್ನೇ ನಂಬಿದವರು ವೂಫರನ್ನು ದೂರುತ್ತಾರೆ. ಸ್ಪೀಕರನ್ನು ಹಿಂದಿನ ಗೋಡೆಯಿಂದ ಒಂದು ಮೀಟರ್ ಮುಂದಿಟ್ಟರೆ ಗೋಡೆಯಿಂದ ಮರಳಿದ ಅಲೆ 86 ಹರ್ಟ್ಸ್‌ನ ಆಸುಪಾಸಿನ ನಾದವನ್ನು ನುಂಗುತ್ತದೆ. ಆಗ ಆಂಪ್ಲಿಫೈಯರ್ ಬದಲಾಗುತ್ತದೆ. ತೆಳು ಪರದೆ ಕಟ್ಟಿದರೆ ಮೇಲಿನ ಸ್ವರಗಳಷ್ಟೇ ಕುಗ್ಗಿ ಬೇಸ್ ಹಾಗೇ ಉಳಿದು ನಾದ ಮಂಕಾಗುತ್ತದೆ. ದಪ್ಪ ಹಾಸಿಗೆ, ತುಂಬಿದ ಪುಸ್ತಕದ ಕಪಾಟು, ಕೂರುವ ಜಾಗವನ್ನು ಎರಡಡಿ ಮುಂದೆ ಹಿಂದೆ ಮಾಡುವುದು, ಇವು ಕೊಡುವ ಫಲ ಯಾವ ಬೆಳ್ಳಿ ತಂತಿಯೂ ಕೊಡದು. ಅದೇ ಮೈಕಿನಿಂದ ಅಳೆದರೆ ಆ ಫಲ ಪರದೆಯ ಮೇಲೆ ಕಾಣುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಕಿವಿಯ ಸರದಿ ಬರುತ್ತದೆ, ಬರಲೇಬೇಕು. ಅಳತೆ ಸ್ಪೀಕರನ್ನು ತಪ್ಪುಗಳಿಂದ ಬಿಡಿಸುತ್ತದೆ. ಟ್ವೀಟರ್ ಅರ್ಧ ಡೆಸಿಬೆಲ್ ಜೋರಿರಬೇಕೇ ಬೇಡವೇ ಎಂಬಂಥ ಆಯ್ಕೆಗಳು ಕೇಳುವವರಿಗೆ ಸೇರಿದ್ದು. ಆದರೆ ಕಿವಿಗೂ ಶಿಸ್ತು ಬೇಕು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ಕೇಳುಗರು ಅದೇ ಸ್ಪೀಕರುಗಳಿಗೆ ನೋಡಿಕೊಂಡು ಕೊಟ್ಟ ಅಂಕ ಒಂದು, ಪರದೆಯ ಹಿಂದಿಟ್ಟಾಗ ಕೊಟ್ಟ ಅಂಕ ಇನ್ನೊಂದು. ಅನುಭವಿ ಕೇಳುಗರೂ ಇದರಿಂದ ಪಾರಾಗಲಿಲ್ಲ. ಅದಕ್ಕೂ ಮೊದಲೇ ಟೂಲ್ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ತೋರಿಸಿದ್ದು ಇನ್ನೂ ಮುಖ್ಯ: ಕಣ್ಣಿಗೆ ಮರೆಮಾಡಿ ಕೇಳಿಸಿದಾಗ ಜನ ಮೆಚ್ಚುವುದು ಬಹುಪಾಲು ಅಳತೆಯಲ್ಲಿ ಸಮತಟ್ಟಾಗಿ, ನಯವಾಗಿ ಕಾಣುವ ಸ್ಪೀಕರುಗಳನ್ನೇ. ಕಿವಿಗೂ ಅಳತೆಗೂ ಜಗಳವಿದೆ ಎಂಬ ಕಥೆ ಕಣ್ಣು ತೆರೆದು ಕೇಳಿದವರು ಕಟ್ಟಿದ್ದು.

ಹಾಗಾಗಿ ಕೊನೆಯ ಹದಕ್ಕೆ ಎರಡು ಬಗೆಯ ರೆಸಿಸ್ಟರ್ ಜೋಡಿಸಿದ ಎರಡು ಕ್ರಾಸ್‌ಓವರುಗಳನ್ನು ಒಂದು ಸ್ವಿಚ್ಚಿಗೆ ಕಟ್ಟಬೇಕು. ಎರಡರ ಒಟ್ಟು ಜೋರನ್ನು ಮೈಕಿನಿಂದ ಸಮ ಮಾಡಬೇಕು, ಏಕೆಂದರೆ ಒಂದು ಡೆಸಿಬೆಲ್‌ಗಿಂತ ಕಡಿಮೆ ಅಂತರದಷ್ಟು ಜೋರಾದದ್ದೂ ಕಿವಿಗೆ ‘ಚೆನ್ನಾಗಿದೆ’ ಎಂದೇ ಕೇಳಿಸುತ್ತದೆ. ಸ್ವಿಚ್ಚನ್ನು ಮನೆಯ ಬೇರೊಬ್ಬರ ಕೈಗೆ ಕೊಟ್ಟು, ಯಾವುದು ಎಂದು ಹೇಳದಂತೆ ತಿಳಿಸಿ, ಗುರುತಿನ ಧ್ವನಿಮುದ್ರಿಕೆಗಳನ್ನು ಕೇಳಬೇಕು: ಒಂಟಿ ಮಾತಿನ ಧ್ವನಿ, ತಂಬೂರಿ, ಮೃದಂಗ, ಪಿಯಾನೋ. ಹತ್ತರಲ್ಲಿ ಎಂಟೊಂಬತ್ತು ಸಲ ಅದೇ ಆಯ್ಕೆ ಬಂದರೆ ಆ ರೆಸಿಸ್ಟರನ್ನು ಬೆಸೆಯಬಹುದು. ಐದು ಸಲ ಅದು, ಐದು ಸಲ ಇದು ಎಂದಾದರೆ ಎರಡರ ನಡುವೆ ಆ ಕೋಣೆಯಲ್ಲಿ ಕೇಳುವಂಥ ವ್ಯತ್ಯಾಸವಿಲ್ಲ. ಅಗ್ಗವಾದದ್ದನ್ನು ಬೆಸೆದು ಡಬ್ಬದ ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಬಹುದು.